ಬೆಲೆ ಕಾಣದ ಅಂಗಡಿ



ಆಟವನ್ನು ಹಳಿಯಲು ನಾನು ಲೇಖನಿ ಹಿಡಿದಿಲ್ಲ. ಪ್ರಸಾದನಿಲಯದ ಅಂಗಳದಲ್ಲಿ ಚಿಣಿಕೋಲು ಆಡಿ ಊಟದ ಗಂಟೆಯನ್ನು ಮರೆತು, ಬೈಸಿಕೊಂಡು ಬೆಳೆದವನು ನಾನು. ತಮ್ಮಲ್ಲಿ ಹಲವರೂ ಹಾಗೆಯೇ ಬೆಳೆದವರು. ಆಟವಿಲ್ಲದ ಬಾಲ್ಯವು ಮಳೆಯಿಲ್ಲದ ಮುಂಗಾರಿನಂತೆ. ಆದರೆ ಆಟವನ್ನು ಮಾರುವ ಇಂದಿನ ರೀತಿಯನ್ನು ಕುರಿತು ನನ್ನ ಮನೆಯಲ್ಲೇ ಕಲಿತ ಪಾಠವೊಂದನ್ನು ತಮ್ಮ ಮುಂದೆ ಇಡುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತನಾದ ಮೇಲೆ ಆಡಕಿಯ ಹಿರಿಯರ ಮನೆಯಲ್ಲಿ, ಇದ್ದಷ್ಟು ಹೊಲ ನೋಡಿಕೊಂಡು ಇದ್ದೇನೆ. ಹಿಂದಿನ ಹಂಗಾಮಿನ ತೊಗರಿ ರಾಶಿ ಮುಗಿದು, ಸೇಡಂ ಪೇಟೆಯ ಅಡತಿ ಅಂಗಡಿಯಲ್ಲಿ ಮಾರಿದ ಮಾಲಿನ ಹಣ ನನ್ನ ಬ್ಯಾಂಕಿನ ಖಾತೆಗೆ ಜಮೆಯಾಗಿತ್ತು. ಬಿತ್ತನೆಯ ಬೀಜಕ್ಕೆಂದು ತೆಗೆಯಲು ಹೋದಾಗ 5,920 ರೂಪಾಯಿ ಕಡಿಮೆ ಇತ್ತು. ಪಾಸ್‌ಬುಕ್ಕು ಮುದ್ರಿಸಿ ನೋಡಿದರೆ, 80 ರೂಪಾಯಿಯಂತೆ ಎಪ್ಪತ್ನಾಲ್ಕು ಸಲ ಹಣ ಹೋಗಿದೆ. ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗ ನನ್ನ ಮೊಬೈಲಿನಲ್ಲಿ ಆಡುತ್ತಿದ್ದ ಬಂದೂಕಿನ ಆಟವೊಂದಕ್ಕೆ ಅದು ಸಂದಾಯವಾಗಿತ್ತು. ಗುಪ್ತ ಸಂಖ್ಯೆಯನ್ನು ಅವನು ಕದ್ದಿರಲಿಲ್ಲ. ರೀಚಾರ್ಜು ಮಾಡಿಕೊಡೆಂದು ನಾನೇ ಹೇಳಿಕೊಟ್ಟಿದ್ದೆ.

ಎಂದೂ ಮಕ್ಕಳ ಮೇಲೆ ಕೈ ಎತ್ತದ ನಾನು ಅಂದು ಅವನ ಕೆನ್ನೆಗೆ ಹೊಡೆದೆನೆಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಕಳ್ಳನೆಂದೂ ಕರೆದೆ. ಎರಡು ದಿನ ಅವನು ನನ್ನ ಸಂಗಡ ಮಾತಾಡಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಮೂರನೆಯ ದಿನ ಕಟ್ಟೆಯ ಮೇಲೆ ನನ್ನ ಬಳಿ ಬಂದು ಕುಳಿತು, ತಲೆ ಎತ್ತದೆ ಹೇಳಿದ: “ಮುತ್ಯಾ, ನಾ ರೊಕ್ಕ ಖರ್ಚ ಮಾಡಾಕತ್ತೀನಿ ಅಂತ ನನಗ ಅನಸಲೇ ಇಲ್ಲ. ಅಲ್ಲಿ ರೊಕ್ಕ ಕಾಣಂಗಿಲ್ಲ, ಬರೇ ರತ್ನ ಕಾಣ್ತಾವ.”

ಹುಡುಗನ ಈ ಮಾತು ನೆವವೆಂದು ಮೊದಲು ಎನಿಸಿತು. ಆದರೂ ಪಾಟಿ ತರಿಸಿ, ಆಟವನ್ನು ತೆರೆಸಿ, ಇಬ್ಬರೂ ಲೆಕ್ಕಕ್ಕೆ ಕುಳಿತೆವು. ಆ ಆಟದೊಳಗೆ ರೂಪಾಯಿ ನಡೆಯುವುದಿಲ್ಲ. 80 ರೂಪಾಯಿ ಕೊಟ್ಟು ನೂರು ರತ್ನಗಳ ಚೀಲವೊಂದನ್ನು ಕೊಳ್ಳಬೇಕು. ಅವನಿಗೆ ಬೇಕಾದ ಅಂಗಿಯ ಬೆಲೆ 149 ರತ್ನ. ಒಂದು ಚೀಲ ಸಾಲದು, ಎರಡು ಕೊಳ್ಳಬೇಕು. ಅಂಗಿ ಬಂದ ಮೇಲೆ 51 ರತ್ನ ಉಳಿಯುತ್ತವೆ. ಅಂದರೆ 160 ರೂಪಾಯಿಯಲ್ಲಿ 40 ರೂಪಾಯಿ 80 ಪೈಸೆ ಅಂಗಡಿಯಲ್ಲೇ ಉಳಿಯಿತು. ಅದು ಮರಳಿ ರೂಪಾಯಿಯಾಗದು. ವ್ಯರ್ಥವಾಗಬಾರದೆಂದರೆ ಇನ್ನೊಂದು ಚೀಲ ಕೊಳ್ಳಬೇಕು. ಈ ಶೇಷವು ಆಕಸ್ಮಿಕವಲ್ಲ. ಚೀಲದ ಅಳತೆಯನ್ನೂ ವಸ್ತುವಿನ ಬೆಲೆಯನ್ನೂ ನಿಶ್ಚಯಿಸುವವನು ಒಬ್ಬನೇ ಅಲ್ಲವೇ?

ಇದಲ್ಲದೆ ಅಲ್ಲಿ ಮುಚ್ಚಿದ ಪೆಟ್ಟಿಗೆಗಳಿದ್ದವು. ಒಳಗೇನಿದೆ ಎಂದು ತಿಳಿಯದೆ ರತ್ನ ತೆತ್ತು ತೆಗೆಯಬೇಕು. ಅಪೂರ್ವವಾದ ಬಂದೂಕು ನೂರರಲ್ಲಿ ಒಂದು ಸಲ ಬರುತ್ತದೆಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು. ನೂರು ಸಲ ತೆಗೆದರೆ ಖಂಡಿತವಾಗಿ ಬರುವುದೆಂದು ಹುಡುಗನ ನಂಬಿಕೆ. ಸಂಭವನೀಯತೆಯ ಲೆಕ್ಕ ಹಾಗಲ್ಲ. ಪ್ರತಿ ಸಲವೂ ಹೊಸ ಚೀಟಿ ಎತ್ತಿದಂತೆ. ಒಂದು ನೂರು ಹುಡುಗರು ತಲಾ ನೂರು ಪೆಟ್ಟಿಗೆ ತೆರೆದರೂ ಅವರಲ್ಲಿ ಸುಮಾರು ಮೂವತ್ತೇಳು ಮಂದಿ ಬರಿಗೈಯಲ್ಲಿ ಏಳುತ್ತಾರೆ. ಇದನ್ನು ಜೀವಮಾನವೆಲ್ಲ ಕಲಿಸಿದ ನನ್ನ ಮನೆಯಲ್ಲೇ ಈ ಲೆಕ್ಕ ತಿಳಿಯದೆ ತೊಗರಿಯ ಹಣ ಹರಿದುಹೋಗಿತ್ತು.

ನಮ್ಮ ಭಾಗದ ದನದ ಸಂತೆಯನ್ನು ತಾವು ಬಲ್ಲಿರಿ. ದಲಾಲಿಯು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುತ್ತಾನೆ. ಆ ಮರೆಯು ಸುತ್ತ ನಿಂತವರಿಗೆ ಮಾತ್ರ, ಕೊಡುವವನ ಮತ್ತು ಕೊಳ್ಳುವವನ ಬೆರಳುಗಳು ಬೆಲೆಯನ್ನು ಸ್ಪಷ್ಟವಾಗಿ ಅರಿತಿರುತ್ತವೆ. ಅಡತಿ ಅಂಗಡಿಯವನೂ ತೂಕ, ದರ, ಹಮಾಲಿ ಎಲ್ಲವನ್ನು ಬರೆದ ಪಟ್ಟಿಯನ್ನು ಕೈಗೆ ಕೊಡುತ್ತಾನೆ. ಪಟ್ಟಿ ನೋಡಿ ಜಗಳವಾಡಬಹುದು. ಆದರೆ ಕೊಳ್ಳುವವನಿಗೇ ಬೆಲೆಯನ್ನು ಮರೆಮಾಡುವ ಟವೆಲನ್ನು ನಾನು ಈ ಹೊಸ ಅಂಗಡಿಯಲ್ಲಿ ಮಾತ್ರ ಕಂಡೆ. ನನ್ನ ಆಕ್ಷೇಪವೆಲ್ಲ ಇದೊಂದೇ.

ಈ ಉದ್ಯಮ ಮೊದಲಿನಿಂದ ಹೀಗಿರಲಿಲ್ಲ. ಹಿಂದೆ ಆಟದ ಕ್ಯಾಸೆಟ್ಟನ್ನೋ ತಟ್ಟೆಯನ್ನೋ ಒಮ್ಮೆ ಹಣ ಕೊಟ್ಟು ಕೊಂಡರೆ ಅದು ಮನೆಯ ವಸ್ತುವಾಗುತ್ತಿತ್ತು. ಆಟ ಕಟ್ಟುವುದೂ ಒಂದು ಶ್ರಮದ ಕಾಯಕವೇ. ಚಿತ್ರ, ಸಂಗೀತ, ಕಥೆ, ಗಣಿತ ಎಲ್ಲವೂ ಅದರಲ್ಲಿ ಕೂಡುತ್ತವೆ. ನಮ್ಮ ಬೆಂಗಳೂರಿನಲ್ಲೇ 1997ರಲ್ಲಿ ಧ್ರುವ ಇಂಟರ್‌ಆಕ್ಟಿವ್ ಎಂಬ ಸಂಸ್ಥೆ ಆರಂಭವಾಗಿ ಈ ವಿದ್ಯೆಗೆ ನಾಡಿನಲ್ಲಿ ದಾರಿ ಮಾಡಿತು. ಅಂಥ ದುಡಿಮೆಗೆ ನ್ಯಾಯವಾದ ಬೆಲೆ ಸಲ್ಲಲೇಬೇಕು. ಆದರೆ ಕ್ರಮೇಣ ಆಟವನ್ನು ಪುಕ್ಕಟೆಯಾಗಿ ಕೊಟ್ಟು ಆಟದೊಳಗೆ ಅಂಗಡಿ ತೆರೆಯುವ ಪದ್ಧತಿ ಬೆಳೆಯಿತು. ಹಣ ಕೊಟ್ಟು ಕೊಂಡ ಆಟವೂ ಈಗ ನಮ್ಮದಲ್ಲ. ಯೂಬಿಸಾಫ್ಟ್ ಕಂಪನಿಯು ‘ದಿ ಕ್ರ್ಯೂ’ ಎಂಬ ಆಟದ ಸರ್ವರುಗಳನ್ನು 31 ಮಾರ್ಚ್ 2024ರಂದು ನಿಲ್ಲಿಸಿದಾಗ, ಕೊಂಡವರ ಕೈಯಲ್ಲೇ ಆ ಆಟ ನಿರುಪಯೋಗಿಯಾಯಿತು.

ಲೋಕವು ಇದನ್ನು ಸುಮ್ಮನೆ ನೋಡುತ್ತ ಕುಳಿತಿಲ್ಲ. ಮುಚ್ಚಿದ ಪೆಟ್ಟಿಗೆಗಳ ಕುರಿತು 2017ರಲ್ಲಿ ಆಟಗಾರರೇ ಸಿಟ್ಟಿಗೆದ್ದಾಗ, ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯು ತನ್ನ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಆಟದೊಳಗಿನ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. 2018ರಲ್ಲಿ ಬೆಲ್ಜಿಯಂ ದೇಶದ ಜೂಜು ಆಯೋಗವು ಹಣ ತೆತ್ತು ತೆರೆಯುವ ಇಂಥ ಪೆಟ್ಟಿಗೆಗಳು ಜೂಜೇ ಎಂದು ಸಾರಿತು. 2022ರ ಡಿಸೆಂಬರಿನಲ್ಲಿ ‘ಫೋರ್ಟ್‌ನೈಟ್’ ಆಟದ ಒಡೆತನದ ಎಪಿಕ್ ಗೇಮ್ಸ್ ಸಂಸ್ಥೆಯು ಅಮೆರಿಕದ ವ್ಯಾಪಾರ ಆಯೋಗದೊಡನೆ 52 ಕೋಟಿ ಡಾಲರುಗಳಿಗೆ ರಾಜಿ ಮಾಡಿಕೊಂಡಿತು. ಅದರಲ್ಲಿ 24.5 ಕೋಟಿ ಡಾಲರು, ಬಯಸದ ಖರೀದಿಗೆ ಗುಂಡಿ ಒತ್ತುವಂತೆ ಮಾಡಿದ ವಿನ್ಯಾಸದ ಆರೋಪಕ್ಕೆ ಸಂಬಂಧಿಸಿದ್ದು.

ನಮ್ಮ ನಾಡಿಗೂ ಈ ವಿವಾದ ಹೊಸತಲ್ಲ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಪದಬಂಧ ಸ್ಪರ್ಧೆಯು ಕೌಶಲವೋ ಜೂಜೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಅದು ಜೂಜಿನ ಸ್ವರೂಪದ್ದೆಂದು 1957ರಲ್ಲಿ ತೀರ್ಪಾಯಿತು. ಅದೇ ಪ್ರಶ್ನೆ ಮೊಬೈಲಿನ ಕಾಲದಲ್ಲಿ ಮತ್ತೆ ಎದ್ದಿತು. ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. ಕೌಶಲದ ಆಟಕ್ಕೂ ಅದೃಷ್ಟದ ಆಟಕ್ಕೂ ಭೇದ ಮಾಡದ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ನಮ್ಮ ಉಚ್ಚ ನ್ಯಾಯಾಲಯವು 14 ಫೆಬ್ರುವರಿ 2022ರಂದು ರದ್ದುಪಡಿಸಿತು. ಅನಂತರ 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬಿಟ್ಟು, ಹಣ ಗೆಲ್ಲುವ ಆಸೆಯಿಂದ ಹಣ ಹೂಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ ಅದರಲ್ಲಿದೆ. ಆಡಿದವನಿಗೆ ಶಿಕ್ಷೆಯಿಲ್ಲ. ಈ ಕಾಯಿದೆಯನ್ನೂ ಕಂಪನಿಗಳು ನ್ಯಾಯಾಲಯದಲ್ಲಿ ಪ್ರಶ್ನಿಸಿದವು.

ಆದರೆ ನನ್ನ ಮೊಮ್ಮಗ ಹಣ ಗೆಲ್ಲಲು ಹಣ ಹೂಡಿದವನಲ್ಲ. ಅವನು ಬಯಸಿದ್ದು ಗೆಳೆಯರೆದುರು ತೊಡುವ ಒಂದು ಅಂಗಿಯ ಚಿತ್ರವನ್ನು. ಈ ಕಾಯಿದೆಯ ಮುಖ್ಯ ಗುರಿ ಹಣದ ಪಂದ್ಯವಾಗಿರುವುದರಿಂದ, ರತ್ನಗಳ ಅಂಗಡಿಯ ಬಾಗಿಲಿಗೆ ಅದು ಬೀಗವಾಗಲಾರದು. ಗ್ರಾಹಕರನ್ನು ಮರುಳುಗೊಳಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ದೂರಿಗೆ 1915 ಎಂಬ ಸಹಾಯವಾಣಿಯೂ ಇದೆ. ಇವನ್ನು ಬಳಸೋಣ. ಆಟದೊಳಗಿನ ಪ್ರತಿ ವಸ್ತುವಿನ ಮೇಲೆ ರೂಪಾಯಿಯ ಬೆಲೆಯನ್ನೇ ಬರೆಯಬೇಕು, ಮಕ್ಕಳಿಗೆ ಮುಚ್ಚಿದ ಪೆಟ್ಟಿಗೆ ಮಾರಕೂಡದು ಎಂದು ಕೇಳುವುದು ಅತಿಯಾದ ಬೇಡಿಕೆಯೇನೂ ಅಲ್ಲ. ಬೆಂಕಿಪೊಟ್ಟಣದ ಮೇಲೂ ಬೆಲೆ ಅಚ್ಚಾಗಿರುತ್ತದೆ.

ಮನೆಯಲ್ಲಿ ನಾವು ಮಾಡಬೇಕಾದದ್ದೂ ಇದೆ. ಹೋದ ಹಣ ನನಗೆ ಮರಳಲಿಲ್ಲ. ಬೀಜಕ್ಕೆ ಕೈಗಡ ತಂದೆ. ಗುಪ್ತ ಸಂಖ್ಯೆಯನ್ನು ಬದಲಿಸಿ, ರೀಚಾರ್ಜು ಮಾಡುವುದನ್ನು ಈ ವಯಸ್ಸಿನಲ್ಲಿ ನಾನೇ ಕಲಿತೆ. ಆಟವನ್ನು ಪೂರ್ತಿಯಾಗಿ ಬಿಡಿಸಲಿಲ್ಲ. ದಿನಕ್ಕೆ ಅರ್ಧ ತಾಸು, ಅದೂ ಪಡಸಾಲೆಯಲ್ಲಿ ಎಲ್ಲರ ಎದುರು. ಹೊಡೆದದ್ದು ತಪ್ಪಾಯಿತೆಂದು ಅವನಿಗೆ ಬಾಯಿಬಿಟ್ಟು ಹೇಳಿದೆ. ಹಿರಿಯನು ಕಿರಿಯನೆದುರು ಹಾಗೆ ಹೇಳುವುದು ಸುಲಭವಲ್ಲ, ಆದರೆ ಹೇಳಿದ ಮೇಲೆ ಮನಸ್ಸು ಹಗುರಾಯಿತು.

ಮೊನ್ನೆ ಅವನು ಪಾಟಿಯನ್ನು ತಾನೇ ತೆಗೆದುಕೊಂಡು ಬಂದ. ಆಟದಲ್ಲಿ ಹೊಸದಾಗಿ ಬಂದಿದ್ದ ಟೊಪ್ಪಿಗೆಯೊಂದರ ಬೆಲೆಯನ್ನು ರತ್ನದಿಂದ ರೂಪಾಯಿಗೆ ಇಳಿಸಿ ಬರೆದಿದ್ದ. ಅದರ ಕೆಳಗೆ, ಅಷ್ಟು ಹಣಕ್ಕೆ ಎಷ್ಟು ತೊಗರಿ ಮಾರಬೇಕೆಂಬುದನ್ನು ಕಿಲೋದಲ್ಲಿ ಬರೆದು ತೋರಿಸಿ, “ಬ್ಯಾಡ ಬಿಡು ಮುತ್ಯಾ” ಎಂದ. ಲೆಕ್ಕ ಸರಿಯಾಗಿತ್ತು. ತಮ್ಮ ಮನೆಯ ಮಕ್ಕಳ ಸಂಗಡವೂ ಒಂದು ಸಂಜೆ ಪಾಟಿ ಹಿಡಿದು ಕೂಡಿರೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.