ಗಾಂಭೀರ್ಯ ಎಂದರೆ ಗಂಟು ಮುಖವಲ್ಲ

ಪರೀಕ್ಷೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಕೇಳಿಬರುವ ಮಾತು: "ಇನ್ನಾದರೂ ಸ್ವಲ್ಪ ಗಂಭೀರವಾಗಿರು." ಪ್ರಾರ್ಥನೆಯ ಸಾಲಿನಲ್ಲಿ ನಾವು ಶಿಕ್ಷಕರು ಹೇಳುವುದೂ ಅದನ್ನೇ. ಅಪಘಾತದಲ್ಲಿ ಗಾಯಗೊಂಡವರ ಸ್ಥಿತಿ 'ಗಂಭೀರ' ಎಂದು ಪತ್ರಿಕೆಗಳು ಬರೆಯುತ್ತವೆ. ಆರೋಪವೂ ಗಂಭೀರ, ಸಮಸ್ಯೆಯೂ ಗಂಭೀರ. ಇಷ್ಟೆಲ್ಲ ಕೇಳಿದ ಮಗು, ಗಂಭೀರವೆಂದರೆ ಏನೋ ಕೆಟ್ಟದ್ದು, ನಗಬಾರದ್ದು ಎಂದು ತಿಳಿದರೆ ಆಶ್ಚರ್ಯವೇನು?

ಸಂಸ್ಕೃತದಲ್ಲಿ 'ಗಂಭೀರ' ಶಬ್ದದ ಮೂಲಾರ್ಥ 'ಆಳವಾದ' ಎಂದು. ಅದು ನೀರಿಗೆ ಚೆನ್ನಾಗಿ ಒಪ್ಪುವ ಮಾತು. ಕಾಳಿದಾಸನ 'ಮೇಘದೂತ'ದಲ್ಲಿ ಗಂಭೀರಾ ಎಂಬ ಹೆಸರಿನ ನದಿಯೇ ಬರುತ್ತದೆ. ಗಂಭೀರ ದನಿ, ಗಂಭೀರ ಸ್ವಭಾವ ಎನ್ನುವಾಗಲೂ ಈ ಆಳದ ಅರ್ಥವೇ ಒಳಗಿದೆ.

ವಿಜ್ಞಾನ ಪಾಠ ಹೇಳುವ ನನಗೆ ಈ ಅರ್ಥ ಬಹಳ ಇಷ್ಟ. ಹೊಳೆಯ ದಂಡೆಯಲ್ಲಿ ನಿಂತು ನೋಡಿ. ಬಂಡೆಗಳ ಮೇಲೆ ತೆಳ್ಳಗೆ ಹರಿಯುವ ಕಡೆ ನೀರು ಗದ್ದಲ ಮಾಡುತ್ತದೆ, ನೊರೆ ಎಬ್ಬಿಸುತ್ತದೆ. ಅದೇ ನೀರು ಮಡುವಿಗೆ ಬಂದಾಗ ಸದ್ದಿಲ್ಲ. ಸೆಕೆಂಡಿಗೆ ಹಾದುಹೋಗುವ ನೀರಿನ ಪ್ರಮಾಣ ಎರಡೂ ಕಡೆ ಒಂದೇ. ಆದರೆ ಮಡುವಿನಲ್ಲಿ ನೀರಿಗೆ ಜಾಗ ಹೆಚ್ಚು, ಆದ್ದರಿಂದ ವೇಗ ಕಡಿಮೆ. ತಳದ ಕಲ್ಲುಗಳು ಮೇಲಿನ ನೀರನ್ನು ಕಲಕಲಾರವು. ಹಾಗೆಂದು ಮಡು ನಿಂತ ನೀರಲ್ಲ. ಅದರೊಳಗೂ ಹೊಳೆ ಹರಿಯುತ್ತಲೇ ಇರುತ್ತದೆ.

ಇನ್ನು ಗಾಂಭೀರ್ಯಕ್ಕೆ ಮೌನವೇ ಬೇಕೆಂದೂ ಇಲ್ಲ. ನಮ್ಮ ಮದುವೆಗಳನ್ನೇ ನೋಡಿ. ಒಂದು ಕಡೆ ಹರಟೆ, ಇನ್ನೊಂದು ಕಡೆ ಮಕ್ಕಳ ಓಟ. ತಾಳಿ ಕಟ್ಟುವ ಗಳಿಗೆಗೆ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗುತ್ತಾರೆ. ಓಲಗದ ಸದ್ದು ಕಿವಿ ತುಂಬುತ್ತದೆ. ಆದರೂ ಅಕ್ಷತೆ ಹಿಡಿದ ಅಷ್ಟೂ ಜನರ ಗಮನ ಒಂದೇ ಕಡೆ. ಇಡೀ ಮದುವೆಯಲ್ಲಿ ಅದಕ್ಕಿಂತ ಗಂಭೀರವಾದ ಗಳಿಗೆ ಇಲ್ಲ. ಗಾಂಭೀರ್ಯ ಇರುವುದು ಗಮನದಲ್ಲಿ.

ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ತಮಾಷೆಗೆ ಹೆಸರಾದವರು, ಬಾಂಗೋ ಡ್ರಮ್ ಬಾರಿಸುತ್ತಿದ್ದವರು. 1965ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ನಾಶವಾಗಿ ಏಳು ಮಂದಿ ಸತ್ತರು. ತನಿಖಾ ಆಯೋಗದ ಸದಸ್ಯರಾಗಿದ್ದ ಫೈನ್‌ಮನ್, ಸಭೆಯಲ್ಲೇ ರಬ್ಬರಿನ ತುಣುಕೊಂದನ್ನು ಅದುಮಿ ಹಿಡಿದು ಮಂಜುಗಡ್ಡೆಯ ನೀರಿನಲ್ಲಿ ಅದ್ದಿದರು. ಹೊರತೆಗೆದು ಬಿಟ್ಟಾಗ ಅದು ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ಚಳಿಯಲ್ಲಿ ರಬ್ಬರಿನ ಬಳೆ ಸಂದನ್ನು ಸರಿಯಾಗಿ ಮುಚ್ಚಲಾರದೆಂಬುದು ಎಲ್ಲರಿಗೂ ಕಂಡಿತು. ನಗಿಸುವ ಮನುಷ್ಯ ಆಳಕ್ಕೂ ಇಳಿಯಬಲ್ಲ.

"ಮೇಷ್ಟ್ರೇ, ನಮ್ಮ ಹುಡುಗನಿಗೆ ಗಾಂಭೀರ್ಯವೇ ಇಲ್ಲ, ನೀವಾದರೂ ಬುದ್ಧಿ ಹೇಳಿ" ಎಂದು ತಂದೆಯೊಬ್ಬರು ಕೇಳಿಕೊಂಡಿದ್ದರು. ಪ್ರಯೋಗಾಲಯದಲ್ಲಿ ಆ ಹುಡುಗ ಗೆಳೆಯರನ್ನು ನಗಿಸುತ್ತಿದ್ದುದು ನಿಜ. ಆದರೆ ಬ್ಯುರೆಟ್ಟಿನ ಅಳತೆ ನೋಡುವಾಗ ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಬಾಗಿದ ಮೇಲ್ಮೈಯ ಕೆಳ ಅಂಚನ್ನೇ ಓದುತ್ತಿದ್ದ. ಪಕ್ಕದವನ ಉತ್ತರ ನೋಡಿ ತನ್ನದನ್ನು ತಿದ್ದುತ್ತಿರಲಿಲ್ಲ. "ಬೇಕಾದ ಕಡೆ ಇದೆ ಸ್ವಾಮಿ" ಎಂದೆ. ಅವರ ಮುಖ ಅರಳಿತು.

ತಂದೆತಾಯಂದಿರಲ್ಲಿ ನನ್ನ ಅರಿಕೆ ಇಷ್ಟೆ. ಮಗು ಗಂಟೆಗಟ್ಟಲೆ ಮುಖ ಬಿಗಿದು ಪುಸ್ತಕದ ಮುಂದೆ ಕುಳಿತರೆ ಅದನ್ನೇ ಓದು ಎಂದು ನಂಬಬೇಡಿ. ಒಳಗೆ ಭಯವಿದ್ದರೂ ಮುಖ ಹಾಗೆಯೇ ಕಾಣುತ್ತದೆ. ರಾಷ್ಟ್ರಗೀತೆಗೆ ಬೇಕಾಗುವುದು ಸುಮಾರು 52 ಸೆಕೆಂಡು. ಅಷ್ಟು ಹೊತ್ತು ನೆಟ್ಟಗೆ ನಿಂತು, ಮನಸ್ಸಿಟ್ಟು ಹಾಡಿ, ಮರುಕ್ಷಣ ನಗುತ್ತಾ ತರಗತಿಗೆ ಓಡುವ ಮಗುವಿಗೆ ಗಾಂಭೀರ್ಯ ಗೊತ್ತಿದೆ. ಅದರ ನಗುವನ್ನು ಕಸಿದುಕೊಳ್ಳದಿರೋಣ.