ಬೇಲಿಯಾಚೆಯ ದಂಡೆ

3 ಜನವರಿ 2025, ಶುಕ್ರವಾರ. ಕಾರವಾರ

ಬೆಳಗಿನ ಜಾವ ವಿಜಯಪುರ ಜಿಲ್ಲೆಯ ನಮ್ಮೂರು ತಾಂಬಾ ಬಿಟ್ಟವರು ಹೊತ್ತು ಮುಳುಗಿದ ಮೇಲೆ ಇಲ್ಲಿ ಬಂದು ಇಳಿದೆವು. ಮನೆಯಾಕೆಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್. ಬುತ್ತಿಯಲ್ಲಿ ಮೊನ್ನೆಯ ಎಳ್ಳ ಅಮಾವಾಸ್ಯೆಗೆ ಬಡಿದ ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ನಮ್ಮ ತೋಟದ ಹತ್ತಾರು ಲಿಂಬೆಹಣ್ಣು.

ಕೊಲ್ಹಾರದ ಸೇತುವೆ ಬಂದಾಗ ಎಂದಿನಂತೆ ಕಿಟಕಿಯಿಂದ ಕೈಮುಗಿದಳು. ಅವಳ ತವರೂರು ಆಲಮಟ್ಟಿ ಹಿನ್ನೀರಿನಲ್ಲಿ ಹೋಗಿದೆ. ‘ಮನಿ ಎಲ್ಲಿತ್ತು ಅಂತ ಗುರ್ತು ಹಿಡಿಯಾಕ ಒಂದು ಗಿಡಾನೂ ಉಳಿದಿಲ್ಲರೀ’ ಅಂದಳು. ಈ ಮಾತು ಪ್ರತಿಸಲವೂ ಹೇಳುತ್ತಾಳೆ. ಪ್ರತಿಸಲವೂ ನನಗೆ ಉತ್ತರ ತಿಳಿಯುವುದಿಲ್ಲ.

4 ಜನವರಿ, ಶನಿವಾರ

ಮುಂಜಾನೆ ಟಾಗೋರ್ ಕಡಲತೀರ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಕಾಲಕ್ಕೆ, ಇಪ್ಪತ್ತೆರಡರ ಹರೆಯದ ರವೀಂದ್ರರು ಬಂದು ಉಳಿದಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಹುಟ್ಟಿದ್ದು ಇಲ್ಲಿ. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ಮುಂದೆ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಮನೆಯಾಕೆ ಸೆರಗು ಎತ್ತಿ ಕಟ್ಟಿ ಮೊಣಕಾಲುದ್ದ ನೀರಲ್ಲಿ ನಿಂತಳು. ಅರವತ್ತರ ವಯಸ್ಸಿನಲ್ಲಿ ಮೊದಲ ಸಮುದ್ರ. ಬಹಳ ಹೊತ್ತು ಏನೂ ಮಾತಾಡಲಿಲ್ಲ.

ದಂಡೆಯ ಮೇಲೇ ‘ಚಪಲ್’ ಯುದ್ಧನೌಕೆ ನಿಂತಿದೆ. ಸೋವಿಯತ್ ದೇಶದಲ್ಲಿ ಕಟ್ಟಿದ ಕ್ಷಿಪಣಿ ನೌಕೆ, 2005ರಲ್ಲಿ ಸೇವೆ ಮುಗಿಸಿ ಈಗ ವಸ್ತುಸಂಗ್ರಹಾಲಯ. ಒಳಗೆ ಹೊಕ್ಕರೆ ನಾವಿಕರ ಮಲಗುವ ಜಾಗ ನಮ್ಮ ಬಣವೆ ನಡುವಿನ ಸಂದಿಗಿಂತ ಇಕ್ಕಟ್ಟು. ಪಕ್ಕದಲ್ಲಿ ಟುಪೊಲೆವ್ ವಿಮಾನ.

ಮಧ್ಯಾಹ್ನ ಸದಾಶಿವಗಡ. ಕಾಳಿ ಸೇತುವೆ ದಾಟಿಯೇ ಹೋಗಬೇಕು. ಹಳೆಯ ಸೇತುವೆ ಹೋದ ವರ್ಷ ಆಗಸ್ಟ್ 7ರ ನಡುರಾತ್ರಿ ಕುಸಿದು, ಲಾರಿ ಸಮೇತ ನದಿಗೆ ಬಿದ್ದ ಚಾಲಕ ಬದುಕಿ ಬಂದ. ಗಡವನ್ನು ಸೋದೆಯ ಅರಸು ಬಸವಲಿಂಗ ತಂದೆ ಸದಾಶಿವನ ಹೆಸರಲ್ಲಿ ಕಟ್ಟಿಸಿದ್ದು. ಹೆದ್ದಾರಿ ಆ ಗುಡ್ಡವನ್ನೇ ಸೀಳಿಕೊಂಡು ಹೋಗಿದೆ. ಮೇಲೆ ದುರ್ಗಾದೇವಿಯ ಗುಡಿ. ನಿಂತು ನೋಡಿದರೆ ಹೊಳೆ ಹೋಗಿ ಕಡಲು ಸೇರುವ ಜಾಗ ಇಡಿಯಾಗಿ ಕಾಣುತ್ತದೆ.

ನನಗೆ ಅಲ್ಲಿ ನಮ್ಮ ಆದಿಲಶಾಹಿಗಳ ನೆನಪು. ಇಂಗ್ಲಿಷರು 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದಾಗ ಈ ದಂಡೆ ವಿಜಯಪುರದ ಕೈಯಲ್ಲಿತ್ತು. ಘಟ್ಟದ ಮೆಣಸು ಹಡಗೇರಿದ್ದು ಇಲ್ಲಿಂದಲೇ. ಮುಂದೆ ವಿಜಯಪುರ, ಉತ್ತರ ಕನ್ನಡ ಎರಡೂ ಜಿಲ್ಲೆ ಮುಂಬಯಿ ಆಡಳಿತದಲ್ಲಿದ್ದು, 1956ರ ನವೆಂಬರ್ 1ರಂದು ಒಟ್ಟಿಗೇ ಕನ್ನಡ ನಾಡಿಗೆ ಬಂದವು. ಗೋಳಗುಮ್ಮಟ ನೋಡಲು ಬರುವವರಿಗೆ ಈ ಬಂದರಿನ ಮಾತು ಹೇಳುವವರು ಬೇಕು.

5 ಜನವರಿ, ಭಾನುವಾರ

ಇವತ್ತಿನದನ್ನು ಮರೆಯುವ ಹಾಗಿಲ್ಲ.

ಆಟೊ ಮಾಡಿಕೊಂಡು ಬಿಣಗಾ, ಅರ್ಗಾ ಕಡೆ ಹೊರಟೆವು. ಅಲ್ಲಿಯ ಕಡಲತೀರ ಬಲು ಚಂದ ಎಂದು ಹಿಂದೆ ಯಾರೋ ಹೇಳಿದ್ದರು. ಹೋದರೆ ಹೆದ್ದಾರಿಯ ಉದ್ದಕ್ಕೂ ನೌಕಾನೆಲೆಯ ಗೋಡೆ, ತಂತಿಬೇಲಿ. ಸೀಬರ್ಡ್ ಯೋಜನೆಗೆ ರಾಜೀವ್ ಗಾಂಧಿ 1986ರಲ್ಲಿ ಅಡಿಗಲ್ಲು ಹಾಕಿದರು. 2005ರಲ್ಲಿ ನೆಲೆ ಶುರುವಾಯಿತು. ಹೆಸರು ಐಎನ್‌ಎಸ್ ಕದಂಬ, ನಮ್ಮ ಬನವಾಸಿಯ ಅರಸುಮನೆತನದ್ದು. ಅಂಜುದೀವ ದ್ವೀಪವೂ ನೆಲೆಯ ಒಳಗೇ ಸೇರಿದೆ. 1498ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ತಂಗಿದ್ದ, 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ದ್ವೀಪ. ಪ್ರವಾಸಿಗೆ ಅಲ್ಲಿಗೆ ಪ್ರವೇಶವಿಲ್ಲ. ದೇಶದ ಕಾವಲಿನ ಕೆಲಸ, ಅದಕ್ಕೆ ನನ್ನ ತಕರಾರಿಲ್ಲ.

ರಸ್ತೆ ಬದಿಗೆ ಒಣಮೀನು ಮಾರುವ ಹೆಣ್ಣುಮಗಳು ಕೂತಿದ್ದಳು. ನಾವು ಮೀನು ತಿನ್ನುವವರಲ್ಲ. ಆದರೂ ನಮ್ಮಾಕೆ ಇಳಿದು ಅವಳ ಪಕ್ಕ ಕುಳಿತಳು.

‘ನಿಮ್ಮ ಊರು ಯಾವುದವ್ವಾ?’

‘ಆ ಬೇಲಿ ಒಳಗೆ ಇತ್ತು ಅಮ್ಮಾ. ಈಗ ಕಾಲೋನಿ. ನಾವು ಸೀಬರ್ಡ್ ನಿರಾಶ್ರಿತರು.’

‘ನಮ್ದೂ ಮುಳುಗಡಿ ಊರು.’

ಮುಳುಗಡಿ ಎಂದರೆ ಏನೆಂದು ಆಕೆಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕದ್ರಾ ಅಣೆಕಟ್ಟೆಯಿಂದ ಎದ್ದುಬಂದವರ ಕಥೆ ಅವಳಿಗೆ ಗೊತ್ತಿತ್ತು. ಅರ್ಧ ತಾಸು ಇಬ್ಬರೂ ಪರಿಹಾರದ ಹಣ, ಕೋರ್ಟಿಗೆ ಅಲೆದ ವರ್ಷಗಳು, ಹೊಸ ಮನೆಗೆ ಒಗ್ಗದೆ ಸತ್ತ ಅತ್ತೆ ಮಾವಂದಿರ ಮಾತಾಡಿದರು. ‘ಬಲೆ ಎಳೆಯುತ್ತಿದ್ದ ಗಂಡಸರು ಗಾರೆ ಕೆಲಸಕ್ಕೆ ಹೋದರು’ ಎಂದಳು. ನಮ್ಮಲ್ಲಿ ಎರೆಭೂಮಿ ಕಳಕೊಂಡ ಒಕ್ಕಲಿಗರೂ ಹಾಗೇ ಗೋವಾ ಕಡೆ ದುಡಿಯಲು ಹೋದರು. ಹೊರಡುವಾಗ ಉಳಿದಿದ್ದ ಲಿಂಬೆಹಣ್ಣನ್ನೆಲ್ಲ ನಮ್ಮಾಕೆ ಆ ಬುಟ್ಟಿಗೆ ಹಾಕಿದಳು. ಆಕೆ ದುಡ್ಡು ಕೊಡಬಂದರೆ ಇವಳು ತೆಗೆದುಕೊಳ್ಳಲಿಲ್ಲ.

6 ಜನವರಿ, ಸೋಮವಾರ. ಬಸ್ಸಿನಲ್ಲಿ

ನಮ್ಮ ಕಡೆಯವರು ಕಾರವಾರಕ್ಕೆ ಹೋಗಬೇಕು. ಕಡಲು, ಗಡ, ಚಪಲ್ ಎಲ್ಲವನ್ನೂ ನೋಡಬೇಕು. ಅರ್ಗಾದಲ್ಲೂ ಒಂದು ಗಳಿಗೆ ಗಾಡಿ ನಿಲ್ಲಿಸಬೇಕು. ಅಲ್ಲಿ ಬೇಲಿಯ ಹೊರಗೆ ಒಂದು ಫಲಕ ಹಾಕಿ, ಒಳಗಿದ್ದ ಊರು ಕೇರಿಗಳ ಹೆಸರುಗಳನ್ನೆಲ್ಲ ಬರೆಸಬೇಕು. ಕೊಲ್ಹಾರದ ಸೇತುವೆಯ ಮೇಲೂ ಅಂಥದೊಂದು ಬೇಕು.