ಪ್ರಯಾಣಸನ್ನಾಹ

ಅರವತ್ತು ತುಂಬಿದ ಗೃಹಸ್ಥನೊಬ್ಬನು ಕಾಶಿಗೋ ರಾಮೇಶ್ವರಕ್ಕೋ ಹೊರಟನೆಂದರೆ ನೆರೆಹೊರೆಯವರು ಸಂತೋಷಪಡುವರು. ಒಂದು ಗಿಂಡಿ ಗಂಗಾಜಲವನ್ನು ತಮಗೂ ತಂದುಕೊಡಬೇಕೆಂದು ಹೇಳಿಕಳುಹಿಸುವರು. ಅದೇ ಗೃಹಸ್ಥನು ನಲವತ್ತು ವರ್ಷದ ಹಳೆಯ ಮೋಟಾರುಸೈಕಲ್ಲನ್ನೇರಿ ಒಬ್ಬನೇ ಶರಾವತಿಯ ಹಿನ್ನೀರಿನಾಚೆಯ ಕಾಡುದಾರಿಯಲ್ಲಿ ಹೋಗಿಬರುವೆನೆಂದರೆ, ಮೊದಲು ಅವನ ಮುಖವನ್ನು ನೋಡುವರು. ಆಮೇಲೆ ಅವನ ಹೆಂಡತಿಯ ಮುಖವನ್ನು ನೋಡುವರು. ಈ ಎರಡು ಬಗೆಯ ನೋಟಗಳನ್ನೂ ನಾನು ಮೂರು ತಿಂಗಳಿಂದ ಅನುಭವಿಸುತ್ತಿದ್ದೇನೆ.

ನಾನು ಶಿವಮೊಗ್ಗೆಯಲ್ಲಿ ಮೂವತ್ತೆರಡು ವರ್ಷ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟು ನಿವೃತ್ತನಾದವನು. ಶಬ್ದರೂಪ ತಪ್ಪಿದರೆ ತಿದ್ದಬಲ್ಲೆನೇ ಹೊರತು ಯಂತ್ರದ ವಿಷಯದಲ್ಲಿ ನನ್ನ ಜ್ಞಾನ ಮೊನ್ನೆ ಮೊನ್ನೆಯವರೆಗೂ ಶೂನ್ಯವಾಗಿದ್ದಿತು. ಆ ವಿದ್ಯೆ ನಮ್ಮಣ್ಣನದು. ಅವನು ಭದ್ರಾವತಿಯಲ್ಲಿ, ೧೯೨೩ರಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆಯಾಗಿ ಕೆಲಸವಾರಂಭಿಸಿ ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಕಾರ್ಖಾನೆಯಲ್ಲಿ, ಫಿಟ್ಟರಾಗಿ ದುಡಿದವನು. ಸಂಬಳದಲ್ಲಿ ಉಳಿಸಿದ ಹಣದಿಂದ ೧೯೮೪ರಲ್ಲಿ ಒಂದು ಯೆಜ್ಡಿ ಗಾಡಿಯನ್ನು ಕೊಂಡನು. ಈ ಗಾಡಿಗಳು ನಮ್ಮ ಮೈಸೂರಿನಲ್ಲಿಯೇ ತಯಾರಾಗುತ್ತಿದ್ದವು. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಲ್ಲಿ ಜೆಕೊಸ್ಲೊವಾಕಿಯದವರ ಪರವಾನಗಿಯಿಂದ ಜಾವಾ ಗಾಡಿಗಳನ್ನು ಮಾಡತೊಡಗಿ, ೧೯೭೩ರಿಂದ ಅವಕ್ಕೆ ಯೆಜ್ಡಿಯೆಂಬ ಹೆಸರನ್ನಿಟ್ಟು, ೧೯೯೬ರಲ್ಲಿ ಬಾಗಿಲು ಮುಚ್ಚಿತು. ಈಚೆಗೆ ಅದೇ ಹೆಸರಿನ ಹೊಸ ಗಾಡಿಗಳು ಬಂದಿವೆ. ಅವುಗಳ ಗೋತ್ರವೇ ಬೇರೆ ಎಂದು ಅಣ್ಣನ ಮತ.

ಇನ್ನು ದಾರಿಯ ಮಾತು. ನಮ್ಮ ತಾಯಿಯ ತವರು ಶರಾವತಿಯ ಕಣಿವೆಯ ಒಂದು ಸಣ್ಣ ಹಳ್ಳಿ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಆ ಕಣಿವೆಯ ಎಷ್ಟೋ ಹಳ್ಳಿಗಳೊಡನೆ ಅದೂ ಮುಳುಗಿತು. ಅಣ್ಣನಿಗೆ ಆಗ ಏಳು ವರ್ಷ. ಅಜ್ಜಿಯ ಮನೆಯ ಜಗಲಿ, ಬಾವಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ಹಿತ್ತಿಲ ಹಲಸಿನ ಮರ, ಇವೆಲ್ಲ ಅವನಿಗೆ ನೆನಪಿದ್ದವು. ನಾನು ಹುಟ್ಟಿದುದು ಅದರ ಮರುವರ್ಷ. ಹಾಗಾಗಿ ಆ ಮನೆಯನ್ನು ನಾನು ಬಲ್ಲುದೆಲ್ಲ ಅವನ ಬಾಯಿಂದಲೇ.

೧೯೮೬ರಲ್ಲಿ ನಾವಿಬ್ಬರೂ ಯೆಜ್ಡಿಯ ಮೇಲೆ ಹೊರಟೆವು. ಸಾಗರದಿಂದ ಹೊಳೆಬಾಗಿಲಿಗೆ ಹೋಗಿ, ಲಾಂಚಿನಲ್ಲಿ ಹಿನ್ನೀರನ್ನು ದಾಟಿ, ತುಮರಿಯ ಕಡೆಯಿಂದ ಅಜ್ಜಿಯ ಊರು ಮುಳುಗಿದ ಎಡೆಯನ್ನು ಅವನು ನನಗೆ ತೋರಿಸಬೇಕು. ಅಲ್ಲಿಂದ ಕೋಗಾರು ಘಟ್ಟವನ್ನಿಳಿದು ಭಟ್ಕಳದಲ್ಲಿ ಸಮುದ್ರ ನೋಡಬೇಕು. ಇದು ಸಂಕಲ್ಪ. ಲಾಂಚಿನ ಕಟ್ಟೆ ಇನ್ನೂ ಹತ್ತು ಹನ್ನೆರಡು ಕಿಲೋಮೀಟರು ಇರುವಾಗ ಚೈನು ಕಳಚಿ ಬಿದ್ದಿತು. ನೋಡಿದರೆ ಚೈನಿನ ಎರಡು ತುದಿಗಳನ್ನು ಕೂಡಿಸುವ ಲಾಕು ಎಲ್ಲಿಯೋ ಉದುರಿಹೋಗಿದೆ. ಕಿರುಬೆರಳಿನ ಉಗುರಿನಷ್ಟು ವಸ್ತು! ಸಂಜೆಯವರೆಗೆ ಧೂಳಿನಲ್ಲಿ ಹುಡುಕಿದೆವು. ಕೊನೆಗೆ ಗಾಡಿಯನ್ನು ನೂಕಿಕೊಂಡು ಬಂದು, ನಾಟಾ ಹೇರಿದ ಲಾರಿಯೊಂದರಲ್ಲಿ ಸಾಗರಕ್ಕೆ ಮರಳಿದೆವು. “ಮುಂದಿನ ವರ್ಷ ಹೋಗೋಣ ಬಿಡು, ತಮ್ಮ” ಎಂದನು ಅಣ್ಣ. ಮುಂದಿನ ವರ್ಷ ಅವನ ಮದುವೆಯಾಯಿತು. ಆಮೇಲೆ ನನ್ನ ನೌಕರಿ, ಮಕ್ಕಳು, ತಾಯಿಯ ಕಾಯಿಲೆ. ಹೀಗೆ ಮೂವತ್ತೊಂಬತ್ತು ವರ್ಷ ಕಳೆದವು. ನಮಗಿಬ್ಬರಿಗೂ ನಿವೃತ್ತಿಯಾಗಲಿ ಎಂದುಕೊಂಡಿದ್ದೆವು. ನನ್ನ ನಿವೃತ್ತಿಗೆ ಎರಡು ವರ್ಷ ಮೊದಲೇ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಹೋದವು. ಮಾತು ಬಹುಮಟ್ಟಿಗೆ ನಿಂತಿತು.

೨೦೨೫ನೆಯ ಜುಲೈ ತಿಂಗಳಿನಲ್ಲಿ ಸಿಗಂದೂರಿನ ಸೇತುವೆ ತೆರೆದ ದಿನ ನಾನು ಭದ್ರಾವತಿಯಲ್ಲಿ ಅವನ ಮಂಚದ ಬಳಿ ಕುಳಿತಿದ್ದೆನು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಮಿಗಿಲಾಗಿ ಚಾಚಿದ ಆ ಸೇತುವೆಯನ್ನು ದೂರದರ್ಶನದಲ್ಲಿ ತೋರಿಸುತ್ತಿದ್ದರು. ಅಣ್ಣ ಎಡಗೈಯನ್ನೆತ್ತಿ ಮೊದಲು ಆ ಚಿತ್ರವನ್ನು ತೋರಿಸಿದನು; ಆಮೇಲೆ ಹಿತ್ತಿಲ ಕೊಟ್ಟಿಗೆಯನ್ನು, ಅಂದರೆ ಗಾಡಿ ನಿಂತಿರುವ ಸ್ಥಳವನ್ನು, ತೋರಿಸಿದನು; ಕೊನೆಗೆ ನನ್ನನ್ನು. ಅತ್ತಿಗೆಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕಾರಿನಲ್ಲಿ ನಿನ್ನನ್ನು ಕೂಡಿಸಿಕೊಂಡು ಹೋಗುವೆನೆಂದು ನಾನು ಹೇಳಿದೆನು. ಅವನು ತಲೆಯಾಡಿಸಿಬಿಟ್ಟನು. ಅಷ್ಟು ದೂರ ಕುಳಿತುಕೊಂಡು ಹೋಗುವುದು ತನ್ನಿಂದಾಗದೆಂದು ಅವನಿಗೆ ಗೊತ್ತಿದ್ದಿತು, ನಮಗೂ ಗೊತ್ತಿದ್ದಿತು.

ಮನೆಯಲ್ಲಿ ಈ ವಿಷಯವನ್ನೆತ್ತುವುದಕ್ಕೆ ನನಗೆ ಒಂದು ವಾರ ಹಿಡಿಯಿತು. ಧೈರ್ಯಕ್ಕೆಂದು ಒಂದು ದೃಷ್ಟಾಂತವನ್ನೂ ಸಿದ್ಧಪಡಿಸಿಕೊಂಡಿದ್ದೆನು. ಟೆಡ್ ಸೈಮನ್ ಎಂಬ ಇಂಗ್ಲೆಂಡಿನ ಲೇಖಕರು ೧೯೭೩ರಿಂದ ೧೯೭೭ರವರೆಗೆ ಒಬ್ಬರೇ ಮೋಟಾರುಸೈಕಲ್ಲಿನ ಮೇಲೆ ಜಗತ್ತನ್ನು ಸುತ್ತಿದವರು. ನಮ್ಮ ದೇಶಕ್ಕೂ ಬಂದಿದ್ದರು. ಅಷ್ಟಕ್ಕೇ ಬಿಡದೆ ೨೦೦೧ರಲ್ಲಿ, ಎಪ್ಪತ್ತು ಸಮೀಪಿಸಿದ ವಯಸ್ಸಿನಲ್ಲಿ, ಅದೇ ದಾರಿಯಲ್ಲಿ ಮತ್ತೊಮ್ಮೆ ಹೊರಟರು. “ನೋಡು, ಎಪ್ಪತ್ತಕ್ಕೆ ಜಗತ್ತು ಸುತ್ತಿದವರಿದ್ದಾರೆ. ನಾನು ಹೋಗುವುದು ಭಟ್ಕಳದವರೆಗೆ” ಎಂದೆನು. ನನ್ನ ಮನೆಯಾಕೆ ಆಗ ಏನೂ ಹೇಳಲಿಲ್ಲ. ಎರಡು ದಿನದ ಮೇಲೆ, ಬೆಂಗಳೂರಿನಲ್ಲಿರುವ ಮಗಳಿಂದ ವಿಚಾರಿಸಿ ತಿಳಿದು, “ಆ ಎರಡನೆಯ ಸಲ ಅವರು ಕೀನ್ಯಾದಲ್ಲಿ ಬಿದ್ದು ಕಾಲು ಮುರಿದುಕೊಂಡರಂತಲ್ಲ, ಅದನ್ನು ನೀವು ಹೇಳಲೇ ಇಲ್ಲ” ಎಂದಳು. ದೃಷ್ಟಾಂತಗಳನ್ನು ಅರ್ಧಮಾತ್ರ ಉಪಯೋಗಿಸಬಾರದೆಂದು ನಾನೇ ತರಗತಿಯಲ್ಲಿ ಹೇಳುತ್ತಿದ್ದವನು, ಸುಮ್ಮನಾದೆನು.

ಅವಳ ಒಪ್ಪಿಗೆ ಹೇಗೆ ದೊರೆಯಿತೆಂಬುದನ್ನು ಮುಂದೆ ಹೇಳುವೆನು. ಮೊದಲು ಕಾಲನಿರ್ಣಯ. ಮಳೆಗಾಲದಲ್ಲಿ ಘಟ್ಟದ ದಾರಿ ಕೂಡದು. ಮಣ್ಣು ಕುಸಿಯುವುದು, ಮರ ಬೀಳುವುದು, ಮಂಜಿನಲ್ಲಿ ಎದುರಿನ ಬಸ್ಸೇ ಕಾಣಿಸದು. ಬೇಸಿಗೆಯಲ್ಲಿ ನೀರಿಳಿದು ಮುಳುಗಿದ ನೆಲ ಅಷ್ಟಿಷ್ಟು ಕಾಣುವುದು ನಿಜ. ಆದರೆ ಮಂಗನ ಕಾಯಿಲೆಯ ಕಾಲವೂ ಅದೇ. ೧೯೫೭ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಕಾಡಿನ ಉಣುಗುಗಳು ಕಚ್ಚುವುದರಿಂದ ಬರುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ ಹೆಚ್ಚು. ೨೦೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಎಷ್ಟು ಸಂಸಾರಗಳನ್ನು ಅಳಿಸಿತೆಂಬುದನ್ನು ನಮ್ಮ ಕಡೆಯವರು ಮರೆತಿಲ್ಲ. ಆದುದರಿಂದ ಉಳಿದುದು ಅಕ್ಟೋಬರಿನ ಕೊನೆ ಮತ್ತು ನವೆಂಬರು. ಆಗ ಹಿನ್ನೀರು ತುಂಬಿರುತ್ತದೆ. ಅಜ್ಜಿಯ ಊರಿನ ಒಂದು ಕಲ್ಲೂ ಕಾಣದು. ಅಣ್ಣನಿಗೆ ಇದನ್ನು ತಿಳಿಸಿದೆನು. ಅವನು ಬಹಳ ಹೊತ್ತು ಯೋಚಿಸಿ, “ಸರಿ” ಎಂದನು.

ಅವನಿಗೆ ಉಳಿದಿರುವ ಮಾತುಗಳು ಕೆಲವೇ. “ಸರಿ”, “ಅಲ್ಲ”, “ಇನ್ನೊಮ್ಮೆ” ಎಂಬ ಮೂರು ಮಾತ್ರ ಸ್ಪಷ್ಟವಾಗಿ ಹೊರಡುತ್ತವೆ. ಈ ಮೂರರಿಂದಲೇ ಅವನು ನನಗೆ ಯಂತ್ರಶಾಸ್ತ್ರವನ್ನು ಕಲಿಸಿದನು. ವಾರಕ್ಕೆ ಮೂರು ದಿನ ಬೆಳಗಿನ ಬಸ್ಸು ಹತ್ತಿ ಭದ್ರಾವತಿಗೆ ಹೋಗುವುದು, ಅವನ ಕುರ್ಚಿಯನ್ನು ಕೊಟ್ಟಿಗೆಯ ಮುಂದೆ ಹಾಕುವುದು, ಅವನ ಕಣ್ಣೆದುರಿಗೆ ಒಂದೊಂದು ಭಾಗವನ್ನೂ ಬಿಚ್ಚಿ ಜೋಡಿಸುವುದು. ತಪ್ಪಾದರೆ “ಅಲ್ಲ”. ಸರಿಯಾದರೂ “ಇನ್ನೊಮ್ಮೆ”. ಮೂವತ್ತೆರಡು ವರ್ಷ ಗಂಟಲು ಹರಿದುಕೊಂಡು ಪಾಠ ಹೇಳಿದ ನನಗೆ, ಉಪಾಧ್ಯಾಯನು ಇಷ್ಟು ಕಡಿಮೆ ಮಾತಿನಲ್ಲಿಯೂ ಕಲಿಸಬಹುದೆಂಬುದು ತಿಳಿದಿರಲಿಲ್ಲ.

ಪ್ಲಗ್ಗನ್ನು ಬಿಚ್ಚಿ ಮಸಿ ತೆಗೆಯುವುದು, ಪಾಯಿಂಟುಗಳ ನಡುವಣ ಸಂದನ್ನು ಅಳೆದು ಸರಿಪಡಿಸುವುದು, ಕಾರ್ಬೊರೇಟರಿನ ಕಸ ಊದುವುದು, ಟ್ಯೂಬಿಗೆ ತೇಪೆ ಹಾಕುವುದು, ಇಷ್ಟನ್ನು ಕತ್ತಲೆಯಲ್ಲಿ ಕೈಮುಟ್ಟಿ ಮಾಡುವಷ್ಟು ಕಲಿತೆನು. ಈ ಗಾಡಿಯ ಒಂದೆರಡು ಗುಣಗಳನ್ನು ವಾಚಕರಿಗೆ ಹೇಳದಿರಲಾರೆ. ಒದ್ದು ಚಾಲೂ ಮಾಡುವ ಸನ್ನೆಗೂ ಗೇರು ಬದಲಾಯಿಸುವ ಸನ್ನೆಗೂ ಇದರಲ್ಲಿ ಒಂದೇ ಕಬ್ಬಿಣ. ಮೇಲೆತ್ತಿ ನಿಲ್ಲಿಸಿದರೆ ಅದು, ಕೆಳಗೆ ಮಲಗಿಸಿದರೆ ಇದು. ಹಿಂದಿನ ಗಾಲಿಯನ್ನು ಚೈನು ಬಿಚ್ಚದೆಯೇ ಹೊರಗೆ ತೆಗೆಯಬಹುದು. ಕಾಡಿನಲ್ಲಿ ಒಬ್ಬನೇ ಪಂಕ್ಚರು ಹಾಕಬೇಕಾದವನಿಗೆ ಇದು ಎಂಥ ಉಪಕಾರವೆಂಬುದನ್ನು ಅನುಭವಿಸಿದವರೇ ಬಲ್ಲರು. ಪೆಟ್ರೋಲಿನೊಡನೆ ಎಣ್ಣೆಯನ್ನು ನಾವೇ ಬೆರೆಸಬೇಕು. ಅಣ್ಣನ ಲೆಕ್ಕದಲ್ಲಿ ಲೀಟರಿಗೆ ೪೦ ಮಿಲಿಲೀಟರು. ಸುಮಾರು ೪೦೦ ಕಿಲೋಮೀಟರಿನ ಸುತ್ತಿಗೆ, ಲೀಟರಿಗೆ ೨೮ರಂತೆ, ಹದಿನೈದು ಲೀಟರು ಪೆಟ್ರೋಲು, ೬೦೦ ಮಿಲಿಲೀಟರು ಎಣ್ಣೆ ಬೇಕಾಗುತ್ತದೆ. ಆ ಎಣ್ಣೆ ಹಳ್ಳಿಯ ಅಂಗಡಿಯಲ್ಲಿ ಸಿಕ್ಕದು, ಇಲ್ಲಿಂದಲೇ ಒಯ್ಯಬೇಕು.

ಪೆಟ್ರೋಲಿನದು ಮತ್ತೊಂದು ತೊಡಕು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ೨೦ ಭಾಗದವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ತೊಟ್ಟಿಯೊಳಕ್ಕೆ ನೀರು ಸೇರಿದರೆ ಎಥನಾಲೂ ನೀರೂ ಒಂದಾಗಿ ತಳಕ್ಕಿಳಿದು ಮೊದಲು ಕಾರ್ಬೊರೇಟರಿಗೆ ಹೋಗುವುದು ಅದೇ. ಆಗ ಎಷ್ಟು ಒದ್ದರೂ ಗಾಡಿ ಏಳದು. ಹಳೆಯ ಕಾಲದ ರಬ್ಬರನ್ನೂ ಅದು ಕೆಡಿಸುವುದು. ಆದುದರಿಂದ ಪೆಟ್ರೋಲಿನ ಕೊಳವೆಯನ್ನೂ ನಲ್ಲಿಯ ವಾಷರನ್ನೂ ಹೊಸದಾಗಿ ಹಾಕಿಸಿದೆವು. ತೊಟ್ಟಿಯ ಮುಚ್ಚಳಕ್ಕೆ ಮಳೆನೀರು ಇಳಿಯದಂತೆ ಅತ್ತಿಗೆಯವರು ಒಂದು ರೆಕ್ಸಿನ್ ಕುಲಾವಿಯನ್ನು ಹೊಲಿದುಕೊಟ್ಟರು. ಗಾಡಿಗೆ ಟೊಪ್ಪಿಗೆ ಹಾಕಿ ಕಳುಹಿಸುತ್ತಿದ್ದೀರಲ್ಲ ಎಂದು ಬೀದಿಯ ಹುಡುಗರು ನಕ್ಕರು.

ಸಂಸ್ಕೃತದಲ್ಲಿ ದಾರಿಯ ಬುತ್ತಿಗೆ ‘ಪಾಥೇಯ’ವೆಂದು ಹೆಸರು. ‘ಪಥಿನ್’ ಶಬ್ದದಿಂದ ಅದು ಹೇಗೆ ಸಿದ್ಧವಾಗುವುದೆಂಬುದಕ್ಕೆ ಪಾಣಿನಿಯಲ್ಲಿ ಸೂತ್ರವಿದೆ. ದಾರಿಯಲ್ಲಿ ಉಪಯುಕ್ತವಾದುದು ಎಂದರ್ಥ. ಎಷ್ಟೋ ಸಲ ಪಾಠ ಹೇಳಿದ್ದರೂ ಅದು ಅವಲಕ್ಕಿಯೋ ಚಪಾತಿಯೋ ಇರಬೇಕೆಂದೇ ನಾನು ಭಾವಿಸಿದ್ದೆನು. ಈಗ ನನ್ನ ಪಾಥೇಯದಲ್ಲಿ ಎರಡು ಪ್ಲಗ್ಗು, ಒಂದು ಜೊತೆ ಪಾಯಿಂಟು, ಕಂಡೆನ್ಸರು, ಕ್ಲಚ್ಚಿನದೂ ಆಕ್ಸಿಲರೇಟರಿನದೂ ಒಂದೊಂದು ತಂತಿ, ತೇಪೆಯ ಸಾಮಾನು, ಕೈಪಂಪು, ಮೇಣದಬತ್ತಿ, ಸುತ್ತಿದ ತಂತಿ ಮತ್ತು ಉಪ್ಪು ಇವೆ. ಉಪ್ಪು ಇಂಬಳಗಳಿಗೆ. ಹೊರೆಯನ್ನು ಎರಡು ಕ್ಯಾನ್‌ವಾಸ್ ಚೀಲಗಳಲ್ಲಿ ಸಮತೂಕವಾಗಿ ತುಂಬಿ ಗಾಲಿಯ ಇಕ್ಕೆಲಕ್ಕೆ ತಗ್ಗಾಗಿ ಕಟ್ಟಬೇಕು. ಬೆನ್ನಿಗೆ ಹೊತ್ತರೆ ತಿರುವಿನಲ್ಲಿ ಎಳೆಯುತ್ತದೆ. ರಕ್ತದೊತ್ತಡದ ಗುಳಿಗೆಗಳನ್ನು ಎರಡು ಪಾಲು ಮಾಡಿ ಎರಡು ಕಡೆ ಇಟ್ಟಿದ್ದೇನೆ. ಒಂದು ಚೀಲ ನೀರಿಗೆ ಬಿದ್ದರೂ ಇನ್ನೊಂದು ಪಾಲು ಉಳಿಯಲಿ.

ಕಾಗದಪತ್ರಗಳ ವಿಷಯವನ್ನು ಬೇಗ ಮುಗಿಸುವೆನು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು; ನನ್ನ ವಯಸ್ಸಿನವರ ಲೈಸೆನ್ಸಿಗೂ ಅದೇ ಅವಧಿ, ಜೊತೆಗೆ ವೈದ್ಯರ ಸರ್ಟಿಫಿಕೇಟು. ವೈದ್ಯರು ನನ್ನ ಕಣ್ಣು ಕಿವಿಗಳನ್ನು ಪರೀಕ್ಷಿಸಿ, “ಎಲ್ಲ ಸರಿಯಿದೆ ಮೇಷ್ಟ್ರೇ, ಬುದ್ಧಿಯನ್ನು ಪರೀಕ್ಷಿಸುವ ಕಲಮು ಮಾತ್ರ ಈ ಫಾರಮಿನಲ್ಲಿ ಇಲ್ಲ” ಎಂದು ಸಹಿ ಹಾಕಿದರು.

ಪರೀಕ್ಷಾರ್ಥವಾಗಿ ಸೆಪ್ಟೆಂಬರಿನ ಕೊನೆಯಲ್ಲಿ ಉಂಬ್ಳೇಬೈಲಿನ ಕಾಡುದಾರಿಯಲ್ಲಿ ಒಂದು ದಿನ ಒಬ್ಬನೇ ಹೋದೆನು. ಹೋಗುವಾಗ ಸುಖವಾಗಿಯೇ ಇದ್ದಿತು. ಬರುವಾಗ ಹಿಂದಿನ ಗಾಲಿಗೆ ಮುಳ್ಳು ಚುಚ್ಚಿತು. ಕೊಟ್ಟಿಗೆಯಲ್ಲಿ ಅರ್ಧ ಗಂಟೆಯಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಅಲ್ಲಿ ಎರಡು ಗಂಟೆ ಹಿಡಿಯಿತು. ಮೊದಲ ಸಲ ಟೈರನ್ನು ಕೂಡಿಸುವಾಗ ಸನ್ನೆಕೋಲಿನಿಂದ ನಾನೇ ಟ್ಯೂಬನ್ನು ಮತ್ತೊಂದು ಕಡೆ ಹರಿದಿದ್ದೆನು. ಮಳೆ ಹನಿಯತೊಡಗಿತು. ಕೈ ನಡುಗುತ್ತಿದ್ದಿತು, ಚಳಿಗೋ ಭಯಕ್ಕೋ ಹೇಳಲಾರೆ. ಆ ಎರಡು ಗಂಟೆಯಲ್ಲಿ ಒಂದೇ ಒಂದು ಜೀಪು ಹಾದುಹೋಯಿತು. ಫೋನಿಗೆ ಸಂಕೇತವಿರಲಿಲ್ಲ. ಇಲ್ಲಿಯೇ ನನಗೆ ಏನಾದರೂ ಆದರೆ ಮನೆಯಾಕೆಗೆ ಯಾವಾಗ ತಿಳಿದೀತು, ಯಾರು ಹುಡುಕಿಕೊಂಡು ಬಂದಾರು ಎಂಬ ಯೋಚನೆ ಆಗ ಮೊದಲ ಬಾರಿಗೆ ಹತ್ತಿತು. ಅದುವರೆಗೆ ನಾನು ಗಾಡಿಯನ್ನು ಮಾತ್ರ ಸಿದ್ಧಪಡಿಸುತ್ತಿದ್ದೆನು.

ರಾತ್ರಿ ಮನೆಗೆ ಬಂದು, ಮುಚ್ಚಿಡದೆ, ನಡೆದುದನ್ನೆಲ್ಲ ಹೇಳಿದೆನು. ಇನ್ನು ಯಾತ್ರೆ ಮುಗಿದಂತೆಯೇ ಎಂದುಕೊಂಡೆನು. ಅವಳು ತಟ್ಟೆಯಲ್ಲಿ ಅನ್ನ ಬಡಿಸುತ್ತ, “ಬಿಚ್ಚಿ ಜೋಡಿಸಿ ಬಂದಿರಿ ತಾನೆ?” ಎಂದಳು. ಹೌದೆಂದೆನು. “ಹಾಗಾದರೆ ಹೋಗಿಬನ್ನಿ. ಆದರೆ ನನ್ನ ನಿಬಂಧನೆಗಳುಂಟು” ಎಂದಳು. ಅವಳ ನಿಬಂಧನೆಗಳು ಇವು: ಹೊರಡುವ ಮುನ್ನ ದಾರಿಯ ಊರುಗಳನ್ನು, ಸಾಗರ, ತುಮರಿ, ಕಟ್ಟಿನಕಾರು, ಕೋಗಾರು, ಭಟ್ಕಳ, ಹೊನ್ನಾವರ, ಗೇರುಸೊಪ್ಪೆ, ಜೋಗ ಎಂದು ಕ್ರಮವಾಗಿ ಬರೆದು ಗೋಡೆಗೆ ಅಂಟಿಸಬೇಕು; ಬರೆದ ದಾರಿಯನ್ನು ಬಿಡಕೂಡದು; ಕತ್ತಲಾದ ಮೇಲೆ ಗಾಡಿ ಓಡಿಸಕೂಡದು; ಪ್ರತಿ ಸಂಜೆ ಸಂಕೇತ ಸಿಕ್ಕುವ ಊರಿನಿಂದ ಮಾತನಾಡಬೇಕು; ಮರುದಿನ ಮಧ್ಯಾಹ್ನ ಹನ್ನೆರಡರೊಳಗೆ ಸುದ್ದಿಯಿಲ್ಲದಿದ್ದರೆ ಸಾಗರದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಅವಳು ತಿಳಿಸುವಳು, ಅವನು ಜೀಪಿನಲ್ಲಿ ಹೊರಡುವನು. ಅವನೊಡನೆ ಮಾತನಾಡಿ ಇದನ್ನೆಲ್ಲ ನನಗಿಂತ ಮೊದಲೇ ಅವಳು ಗೊತ್ತುಮಾಡಿದ್ದಳು! ಮಗಳು ಸಂಕೇತವಿಲ್ಲದೆಯೂ ತೆರೆಯುವ ಭೂಪಟವನ್ನು ಫೋನಿಗೆ ಇಳಿಸಿಕೊಟ್ಟಿದ್ದಾಳೆ. ನಾನು ಅದನ್ನು ನೋಡಿ ಒಂದು ಪ್ರತಿಯನ್ನು ಕಾಗದದ ಮೇಲೂ ಬರೆದುಕೊಂಡಿದ್ದೇನೆ.

ಅಣ್ಣನೂ ಎಡಗೈಯಿಂದ ಒಂದು ಪಟ ಬರೆದಿದ್ದಾನೆ. ಅದರಲ್ಲಿ ದಾರಿಯಿಲ್ಲ. ಒಂದು ಗುಡ್ಡ, ಗುಡ್ಡದ ಕೆಳಗೆ ನೀರಿನ ಗೆರೆ, ಗೆರೆಯ ಒಳಗೆ ಒಂದು ಚೌಕ. ಚೌಕದ ಪಕ್ಕದಲ್ಲಿ ಬಾವಿಯ ಸುತ್ತು. ಯಾವ ಗುಡ್ಡವೆಂದು ಕೇಳಿ ತಿಳಿಯಲು ಎರಡು ದಿನ ಬೇಕಾಯಿತು.

ಕಳೆದ ಭಾನುವಾರ ಕೊನೆಯ ಪರೀಕ್ಷೆ ನಡೆಯಿತು. ನಾನು ಹೋಗುವ ಹೊತ್ತಿಗೆ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿದ್ದರು. ಎಷ್ಟು ಒದ್ದರೂ ಅದು ಏಳಲಿಲ್ಲ. ಪೆಟ್ರೋಲು ಬರುತ್ತಿದೆ, ಪ್ಲಗ್ಗು ಶುದ್ಧವಾಗಿದೆ, ಕಿಡಿ ಮಾತ್ರವಿಲ್ಲ. ಅಣ್ಣ ಕುರ್ಚಿಯಲ್ಲಿ ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿದ್ದನು. ತಂತಿಗಳನ್ನು ನೋಡಿದೆ, ಕಂಡೆನ್ಸರು ಬದಲಾಯಿಸಿದೆ, ಮುಕ್ಕಾಲು ಗಂಟೆಯಾಯಿತು. ಬೆವರು ಒರಸಿಕೊಂಡು ಪಾಯಿಂಟುಗಳನ್ನು ದೀಪ ಹಿಡಿದು ನೋಡಿದರೆ, ಅವುಗಳ ನಡುವೆ ಪಂಚಾಂಗದ ಕಾಗದದ ಸಣ್ಣ ಚೂರೊಂದು ಸಿಕ್ಕಿಕೊಂಡಿದ್ದಿತು. ಮೊಮ್ಮಗನ ಕೈಯಲ್ಲಿ ಅಣ್ಣನೇ ಇಡಿಸಿದ್ದನು. ಅದನ್ನು ತೆಗೆದು ಒದ್ದೆ, ಗಾಡಿ ಎದ್ದಿತು. ಮೊಮ್ಮಗ ಚಪ್ಪಾಳೆ ತಟ್ಟಿದನು. “ಇನ್ನೊಮ್ಮೆ” ಎನ್ನುವನೆಂದು ನಾನು ಅಣ್ಣನ ಕಡೆಗೆ ನೋಡಿದೆನು. ಅವನು ಹಾಗೆನ್ನಲಿಲ್ಲ. ಎಡಗೈಯಿಂದ ಅಂಗಿಯ ಜೇಬನ್ನು ತಡಕಿ ಹಳೆಯ ಚರ್ಮದ ಪರ್ಸೊಂದನ್ನು ತೆಗೆದು ನನ್ನ ಕೈಗಿತ್ತನು. ಅದರೊಳಗೆ ಎಣ್ಣೆಕಾಗದದಲ್ಲಿ ಸುತ್ತಿದ ಚೈನಿನ ಲಾಕು ಇದ್ದಿತು. ೧೯೮೬ರಿಂದ ಅದು ಅವನ ಜೇಬಿನಲ್ಲಿಯೇ ಇದ್ದಿತೆಂದು ಅತ್ತಿಗೆಯವರು ಹೇಳಿದರು.

ಮುಂದಿನ ಗುರುವಾರ ಬೆಳಗ್ಗೆ ಐದೂವರೆಗೆ ಹೊರಡುವುದೆಂದು ನಿಶ್ಚಯವಾಗಿದೆ. ಅಣ್ಣನ ಹಳೆಯ ಮಳೆಕೋಟನ್ನು ಅತ್ತಿಗೆಯವರು ಅಟ್ಟದಿಂದ ತೆಗೆದು ಬಿಸಿಲಿಗೆ ಹಾಕಿದ್ದಾರೆ. ಭುಜದಲ್ಲಿ ನನಗೆ ಸ್ವಲ್ಪ ದೊಡ್ಡದಾಗುತ್ತದೆ.